ಗಂಗಬೈರಪ್ಪನ ಮಚ್ಚಿಗೆ ಡಬಲ್ ಕೋಟಿಂಗ್

ಬ್ಯಾಡರಹಳ್ಳಿಯ ನಂಜುಂಡಪ್ಪನ ಮನೆಯಲ್ಲಿ ದೇವರ ಗೂಡಿನ ನಟ್ಟನಡುವಿನ ಜಾಗ ಒಂದು ಮಚ್ಚಿನದು. ಎಡಕ್ಕೆ ತಿಮ್ಮಪ್ಪ, ಬಲಕ್ಕೆ ಮಾರಮ್ಮ. ಇಬ್ಬರೂ ಸ್ವಲ್ಪ ಒತ್ತಿಕೊಂಡು ನಿಂತಿದ್ದಾರೆ. ಮಚ್ಚು ನಂಜುಂಡಪ್ಪನ ತಾತ ಗಂಗಬೈರಪ್ಪನದು. ರಾಗಿ ಹೊಲವಿದ್ದ ಕಾಲದಲ್ಲಿ ಆತ ಅದರಿಂದ ಬೇಲಿಯ ಜಾಲಿಮುಳ್ಳು ಸವರುತ್ತಿದ್ದ. ಈಗ ಹೊಲದ ಮೇಲೆ ನಾಲ್ಕಂತಸ್ತು ಎದ್ದಿದೆ. ಮುಳ್ಳಿನ ಜಾಗದಲ್ಲಿ ಬಾಡಿಗೆದಾರರಿದ್ದಾರೆ. ಮಚ್ಚು ನಿವೃತ್ತಿ ಪಡೆದು ದೇವರಾಗಿದೆ.

ಅದಕ್ಕೆ ಕೆಲಸವಿರುವುದು ಆಯುಧಪೂಜೆಯ ದಿನ ಮಾತ್ರ. ಮನೆಯ ಹಿರಿಯ ಬಾಗಿಲ ಮುಂದೆ ಬೂದುಗುಂಬಳವನ್ನು ಒಂದೇ ಏಟಿಗೆ ಎರಡು ಹೋಳು ಮಾಡಬೇಕು. ಹೋಳಾದರೆ ಅದೇ ದೊಡ್ಮನೆ. ಆಗದಿದ್ದರೆ ಮಚ್ಚು ತಮ್ಮನ ಮನೆಗೆ, ದೊಡ್ಮನೆ ಎಂಬ ಹೆಸರೂ ಅದರ ಹಿಂದೆಯೇ. ಹೆಸರು ಬರಿ ಬಾಯಲ್ಲಿದ್ದ ಕಾಲಕ್ಕೆ ಅದು ಆಚೆ ಈಚೆ ಓಡಾಡಲು ತೊಂದರೆಯೇನೂ ಇರಲಿಲ್ಲ. ನಂಜುಂಡಪ್ಪ ಅದನ್ನು ಕಪ್ಪು ಗ್ರಾನೈಟಿನಲ್ಲಿ ‘ದೊಡ್ಮನೆ ಆರ್ಕೇಡ್’ ಎಂದು ಕೆತ್ತಿಸಿ ಕಟ್ಟಡದ ನೆತ್ತಿಗೆ ಅಂಟಿಸಿಬಿಟ್ಟಿದ್ದ. ಎದುರು ಮನೆಯ ತಮ್ಮ ರಾಚಪ್ಪ ಅದನ್ನು ದಿನವೂ ಹಲ್ಲುಜ್ಜುತ್ತ ಓದುತ್ತಿದ್ದ. ತನ್ನ ಹೊಸ ಮನೆಯ ನೆತ್ತಿಯಲ್ಲಿ ಅಷ್ಟೇ ಅಳತೆಯ ಜಾಗವನ್ನು ಬಣ್ಣ ಹೊಡೆಸದೆ ಖಾಲಿ ಬಿಟ್ಟಿದ್ದ.

ಹೋದ ವರ್ಷ ಮಚ್ಚು ಕಾಯಿಯ ಅರ್ಧದಲ್ಲಿ ಸಿಕ್ಕಿಕೊಂಡಿತು. ನಂಜುಂಡಪ್ಪ ಉಳಿದರ್ಧವನ್ನು ಮೊಣಕಾಲಿನಿಂದ ಮುಗಿಸಿ, “ಹೋಳಾಯ್ತು!” ಎಂದು ತಾನೇ ಕೂಗಿದ. ರಾಚಪ್ಪ ವಿಡಿಯೊ ಮಾಡಿರಲಿಲ್ಲವಾದ್ದರಿಂದ ಗ್ರಾನೈಟು ಉಳಿಯಿತು. ಆಮೇಲೆ ನೋಡಿದರೆ ಅಲಗಿನ ತುಂಬ ತುಕ್ಕು, ಬಾಯಿ ಇಲಿ ಕಡಿದ ರೊಟ್ಟಿಯ ಹಾಗೆ.

ತುಕ್ಕು ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದೇನೂ ಇರಲಿಲ್ಲ. ಶುಕ್ರವಾರ ಬಂತೆಂದರೆ ಮಚ್ಚಿಗೆ ಅಭಿಷೇಕ. ಹಾಲು, ಮೊಸರು, ಎಳನೀರು, ಕೊನೆಗೆ ಅರಿಶಿನದ ನೀರು. ಬಟ್ಟೆಯಲ್ಲಿ ಒರೆಸುವುದು ಅಪಚಾರ, ತಾನಾಗಿ ಆರಬೇಕು.

“ಅಭಿಷೇಕ ನಿಲ್ಸಿ, ಸರಿಹೋಗುತ್ತೆ,” ಎಂದಳು ಹೆಂಡತಿ ಪಾಪಮ್ಮ.

“ತಾತಂಗೆ ಊಟ ನಿಲ್ಸು ಅಂತೀಯೇನೇ?”

“ನಿಮ್ ತಾತ ಮೊಸರು ಮುಟ್ತಿರ್ಲಿಲ್ವಂತೆ, ಶೀತ ಆಗುತ್ತೆ ಅಂತ. ಅತ್ತೆನೇ ಹೇಳಿದ್ದು.”

“ಅದು ಬದುಕಿದ್ದಾಗ ಕಣೇ.”

ಹೀಗೆ ಅಭಿಷೇಕ ಉಳಿಯಿತು. ಚರ್ಚೆ ಎಣ್ಣೆಯ ಕಡೆಗೆ ತಿರುಗಿತು. ಮೊದಲು ಕೊಬ್ಬರಿ ಎಣ್ಣೆ. ಇರುವೆಗಳು ಸಾಲುಗಟ್ಟಿ ಬಂದು ತಿಮ್ಮಪ್ಪನ ನಾಮದವರೆಗೂ ಹತ್ತಿದವು. ಹರಳೆಣ್ಣೆ ಹಚ್ಚಿದರೆ ಊದುಬತ್ತಿಯ ಬೂದಿಯೆಲ್ಲ ಅಂಟಿಕೊಂಡು ಮಚ್ಚಿಗೆ ತುಪ್ಪಳ ಬಂದಂತೆ ಕಂಡಿತು. ಎಳ್ಳೆಣ್ಣೆ ಶನಿಮಹಾತ್ಮನಿಗೆ ಸಲ್ಲುವುದು, ಶುಕ್ರವಾರ ಅದನ್ನು ಮುಟ್ಟುವುದು ಹೇಗೆಂದು ಯಾರೂ ಧೈರ್ಯ ಮಾಡಲಿಲ್ಲ. ಹೊಲಿಗೆ ಮಿಷನ್ನಿನ ಎಣ್ಣೆ ಚೆನ್ನಾಗಿಯೇ ಇತ್ತು, ಆದರೆ ವಾರ ತುಂಬುವಷ್ಟರಲ್ಲಿ ಮೊಸರು ಅದನ್ನು ಸೋಲಿಸಿತು. ಕೆಳಗಿನ ಮನೆಯ ಬಾಡಿಗೆದಾರ, ಆಟೋ ಓಡಿಸುವ ಮುರುಗೇಶ್, ಒಂದು ಡಬ್ಬಿ ಗ್ರೀಸು ತಂದುಕೊಟ್ಟ. ಗ್ರೀಸಿನ ಮೇಲೆ ಕುಂಕುಮ ನಿಲ್ಲಲಿಲ್ಲ. ಜಾರಿ ಜಾರಿ ಮಾರಮ್ಮನ ಪಾದಕ್ಕೆ ಬಿತ್ತು. ತಾತನ ಕುಂಕುಮ ಮಾರಮ್ಮನಿಗೇ ಹೋಗಲಿ ಎಂದು ಯಾರೋ ಹೊಂಚು ಹಾಕಿದ್ದಾರೆಂದು ನಂಜುಂಡಪ್ಪ ಎರಡು ದಿನ ರಾಚಪ್ಪನನ್ನು ಅನುಮಾನಿಸಿದ.

ಸುಂಕದಕಟ್ಟೆಯ ಹಾರ್ಡ್‌ವೇರ್ ಅಂಗಡಿಯವನು ಸಮಾಧಾನದಿಂದ ವಿಚಾರಿಸಿದ. “ನೀರು ತಗಲುತ್ತಾ ಸಾರ್?”

“ಛೇ, ನೀರು ಸೋಕ್ಸಲ್ಲ. ಬರೀ ಹಾಲು, ಮೊಸರು, ಎಳನೀರು.”

ಅಂಗಡಿಯವನು ಕೈಗೆತ್ತಿಕೊಂಡಿದ್ದ ಎಣ್ಣೆ ಡಬ್ಬಿಯನ್ನು ವಾಪಸ್ ಇಟ್ಟು, “ಕೋಟಿಂಗ್ ಮಾಡ್ಸಿಬಿಡಿ,” ಎಂದ.

ಮಚ್ಚನ್ನು ಕಾಮಾಕ್ಷಿಪಾಳ್ಯದ ಪೌಡರ್ ಕೋಟಿಂಗ್ ಶೆಡ್ಡಿಗೆ ಒಯ್ದವನು ಮಗ ಯಶ್ವಂತ್. ಗೇಟು, ಗ್ರಿಲ್ಲು, ಮಂಚಗಳಿಗೆ ಬಣ್ಣದ ಪುಡಿ ಊದಿ ಒಲೆಯಲ್ಲಿ ಬೇಯಿಸಿ ಕೊಡುವ ಜಾಗವದು. ಶೆಡ್ಡಿನ ದುಂಡೇಶ ತುಕ್ಕು ತೆಗೆದು, ಬಾಯಿಗೆ ಸಾಣೆ ಹಿಡಿದು, ಮಚ್ಚನ್ನು ತಿರುಗಿಸಿ ನೋಡಿದ.

“ಅಂಚಿಗೂ ಹೊಡೀಲಾ ಗುರು?”

“ತುಕ್ಕು ಮೊದ್ಲು ಹಿಡಿಯೋದೇ ಅಂಚಿಗೆ ಮಗಾ. ಅಲ್ಲಿ ಡಬಲ್ ಹೊಡಿ.”

“ಕಲರ್ರು?”

“ಮುತ್ತಾತಂದು. ಗೋಲ್ಡ್ ಹಾಕು.”

ಮಚ್ಚು ಹೊಂಬಣ್ಣದಲ್ಲಿ ಮನೆಗೆ ಬಂತು. ಮೇಲೆ ಹಾಲು ಸುರಿದರೆ ತಾವರೆ ಎಲೆಯ ಮೇಲಿನಂತೆ ಉರುಳಿ ಹೋಗುತ್ತಿತ್ತು. ನಂಜುಂಡಪ್ಪ ಬೆರಳಿನಿಂದ ಅಂಚನ್ನು ಸವರಿ, “ಎಷ್ಟು ನುಣುಪಾಗಿದೆ ನೋಡೇ, ಕೈಯೇ ಕುಯ್ಯಲ್ಲ!” ಎಂದು ಮೆಚ್ಚಿದ. ತಾನು ಹೇಳಿದ್ದು ಏನೆಂದು ಅವನ ಕಿವಿಗೆ ಬೀಳಲಿಲ್ಲ.

ಆಯುಧಪೂಜೆಯ ಬೆಳಗ್ಗೆ ಆರ್ಕೇಡಿನ ಮುಂದೆ ಬಾಡಿಗೆದಾರರ ಗಾಡಿಗಳೆಲ್ಲ ಸೇವಂತಿಗೆ ಹಾರ ಹಾಕಿಕೊಂಡು ನಿಂತವು. ಕಾಯಿ ಹೋಳಾಗದೆ ಒಂದೂ ಚಕ್ರ ಉರುಳುವಂತಿಲ್ಲ. ಪಾಪಮ್ಮ ಮಾತ್ರ ಮೆಟ್ಟಿಲ ಮೇಲೆ ಈಳಿಗೆಮಣೆ ಹಾಕಿಕೊಂಡು ಬೀನ್ಸ್ ಕೊಯ್ಯುತ್ತಿದ್ದಳು. ಅದನ್ನೂ ಪೂಜೆಗಿಡು ಎಂದಿದ್ದಕ್ಕೆ, “ಹೋಟ್ಲಲ್ಲಿ ತಿಂತೀರಾ?” ಎಂದು ಕೇಳಿ ಮಾತು ಮುಗಿಸಿದ್ದಳು. ರಾಚಪ್ಪ ಈ ಸಲ ಮೊಬೈಲು ಎತ್ತಿ ಹಿಡಿದೇ ಬಂದ. ಇನ್ನೊಂದು ಕೈಯ ಚೀಲದಲ್ಲಿ ತನ್ನದೇ ಒಂದು ಬೂದುಗುಂಬಳ. ಅವನ ಮನೆಯ ಗೋಡೆಗೆ ಏಣಿ ಆಗಲೇ ಒರಗಿತ್ತು.

ಕರ್ಪೂರ ಹತ್ತಿಸಿ, ನಂಜುಂಡಪ್ಪ ಮಚ್ಚನ್ನು ತಲೆಯ ಮೇಲಕ್ಕೆತ್ತಿ ಬೀಸಿದ. ದೊಪ್ಪೆಂದು ಶಬ್ದವಾಯಿತು. ಮಚ್ಚು ಕಾಯಿಯ ಬೆನ್ನು ತಟ್ಟಿದಂತೆ ತಟ್ಟಿ, ಜಾರಿ ಪಕ್ಕಕ್ಕೆ ಹೋಯಿತು. ಬೂದಿ ಅಳಿಸಿ ಒಂದು ಹಸಿರು ಪಟ್ಟೆ ಕಾಣಿಸಿತು, ಅಷ್ಟೆ.

“ರೆಕಾರ್ಡ್ ಆಯ್ತು!” ಎಂದ ರಾಚಪ್ಪ. “ಕೊಡಣ್ಣ ಇಲ್ಲಿ. ಹೆಂಗೆ ಹೊಡೀಬೇಕು ಅಂತ ತೋರ್ಸ್ತೀನಿ.”

ಅವನು ತನ್ನ ಕಾಯಿ ಇಟ್ಟು, ಪಂಚೆ ಎತ್ತಿ ಕಟ್ಟಿ ಹೊಡೆದ. ಕಾಯಿ ಚೆಂಡಿನಂತೆ ಚಿಮ್ಮಿ ಮುರುಗೇಶನ ಆಟೋ ಕೆಳಗೆ ಹೋಗಿ ಕುಳಿತಿತು.

ಮುರುಗೇಶ್ ಬಗ್ಗಿ ನೋಡಿದ. “ಒಂಚೂರೂ ಗಾಯ ಇಲ್ಲ ಅಣ್ಣಾ.”

ಈ ಮಾತು ನಂಜುಂಡಪ್ಪನನ್ನು ಹಿಡಿದೆತ್ತಿತು. “ಹೌದಲ್ವಾ! ಏಟು ಅಂದ್ರೆ ಗಾಯ ಆಗ್ಬೇಕು. ನನ್ ಕಾಯಲ್ಲಿ ಗಾಯ ಎಲ್ಲಿದೆ, ತೋರ್ಸೋ. ಗಾಯ ಇಲ್ಲ ಅಂದ್ಮೇಲೆ ಏಟೇ ಬಿದ್ದಿಲ್ಲ!”

“ಇದೇನಣ್ಣ, ವಿಡಿಯೊ ಇದೆ!”

“ವಿಡಿಯೊದಲ್ಲಿ ಗಾಯ ಇದ್ಯಾ? ಏಟೇ ಅಂತೀಯಾ, ಹಂಗಾದ್ರೆ ನಿಂದೂ ಏಟೇ. ನಿಂಗೂ ಹೋಳಾಗ್ಲಿಲ್ಲ. ಇಬ್ರೂ ದೊಡ್ಮನೆ ಅಲ್ಲ.”

ರಾಚಪ್ಪ ಯೋಚಿಸಿದ. ಬಣ್ಣ ಹೊಡೆಸದ ಜಾಗದ ಕಡೆ ಒಮ್ಮೆ ನೋಡಿದ. ಕೊನೆಗೆ, ಇಬ್ಬರೂ ಇನ್ನೂ ಹೊಡೆದೇ ಇಲ್ಲವೆಂದು ಅಣ್ಣತಮ್ಮಂದಿರು ಒಪ್ಪಿದರು. ಹಾಗಾಗಿ ಹಿರಿಯನ ಒಂದೇ ಏಟು ಹಾಗೇ ಉಳಿದಿತ್ತು, ಹೊಡೆಯಲು ಮಾತ್ರ ಹರಿತವಾದದ್ದೇನೂ ಇರಲಿಲ್ಲ.

“ಓನರ್ ಸಾರ್,” ಎಂದ ಮುರುಗೇಶ್, “ಕೆಂಗೇರಿ ಪಾರ್ಟಿ ಫೋನ್ ಮೇಲೆ ಫೋನ್ ಮಾಡ್ತಾವ್ರೆ. ಯಾವ್ದೋ ಒಂದ್ರಲ್ಲಿ ಮುಗ್ಸಿ.”

ಎಲ್ಲರ ಕಣ್ಣೂ ಒಟ್ಟಿಗೆ ಈಳಿಗೆಮಣೆಯ ಮೇಲೆ ಬಿತ್ತು. ಪಾಪಮ್ಮ ಬೀನ್ಸ್ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. ಆದರೆ ಹೆಂಗಸರು ಇಡೀ ಕುಂಬಳಕಾಯಿಗೆ ಮೊದಲ ಕೊಯ್ತ ಹಾಕುವಂತಿಲ್ಲ. ಈಳಿಗೆಯೋ ಮಣೆಗೆ ಬಡಿದು ಕೂರಿಸಿದ್ದು, ಎತ್ತಿ ಬೀಸುವಂತಿಲ್ಲ. ಕೊನೆಗೆ ಅವಳು ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದಳು. ನಂಜುಂಡಪ್ಪ ಕಾಯಿಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆತ್ತಿ, ಗಂಗಬೈರಪ್ಪನನ್ನು ನೆನೆದು, ಅಲಗಿನ ಮೇಲೆ ಕೆಡವಿದ.

ಕಾಯಿ ಎರಡು ಹೋಳಾಗಿ ಮೆಟ್ಟಿಲಿನ ಎರಡು ಬದಿಗೂ ಬಿತ್ತು. ಗಾಡಿಗಳು ಹಾರ್ನ್ ಹೊಡೆದವು.

“ತಡೀರಿ, ತಡೀರಿ!” ರಾಚಪ್ಪ ಆಟೋಗೆ ಅಡ್ಡ ನಿಂತ. “ಕತ್ತಿ ಹೋಗಿ ಕಾಯಿಗೆ ಹೊಡೀಬೇಕು. ಇಲ್ಲಿ ಕಾಯೇ ಬಂದು ಕತ್ತಿಗೆ ಹೊಡ್ದಿದೆ!”

“ಯಾರು ಬಂದು ಗುದ್ದಿದ್ರೇನಣ್ಣಾ,” ಎಂದ ಮುರುಗೇಶ್, ಗಾಡಿ ಸ್ಟಾರ್ಟ್ ಮಾಡುತ್ತ. “ಬಂಪರ್ ಹೋಯ್ತಾ ಇಲ್ವಾ, ಅದು ಹೇಳಿ.”

ಇಂಥ ವಿಷಯದಲ್ಲಿ ಆಟೋದವರ ಅನುಭವ ದೊಡ್ಡದೆಂದು ಎಲ್ಲರೂ ತಲೆದೂಗಿದರು.

“ಆದ್ರೂ ಇದು ತಾತಂದಲ್ಲ ಅತ್ತಿಗೆ,” ಎಂದ ರಾಚಪ್ಪ, ದನಿ ತಗ್ಗಿಸಿ.

“ನಿಮ್ಮಜ್ಜಿದು ಕಣಪ್ಪಾ. ನಿಮ್ ತಾತ ಉಂಡಿದ್ದೆಲ್ಲ ಇದ್ರಲ್ಲೇ ಕೊಯ್ದಿದ್ದು.”

ಏಣಿ ಅಂದು ಸಂಜೆಯವರೆಗೂ ಗೋಡೆಗೆ ಒರಗಿಯೇ ಇತ್ತು, ಆಮೇಲೆ ಒಳಗೆ ಹೋಯಿತು.

ನಂಜುಂಡಪ್ಪ ಗೂಡಿನ ನಡುವಿಗೆ ಈಳಿಗೆಮಣೆಯನ್ನೇ ತಂದು ಕೂರಿಸಿದ. ತಿಮ್ಮಪ್ಪ, ಮಾರಮ್ಮ ಇನ್ನಷ್ಟು ಒತ್ತಿಕೊಂಡರು. ಶುಕ್ರವಾರ ಅವನು ಹಾಲಿನ ಉದ್ಧರಣೆ ಎತ್ತಿದ್ದೇ ತಡ, ಪಾಪಮ್ಮ ಅಡುಗೆಮನೆಯಿಂದ ಬಂದು ಮಣೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

“ಏ, ದೇವ್ರು ಕಣೇ!”

“ದೇವ್ರು ಬದನೆಕಾಯಿ ಕೊಯ್ದು ಬರ್ತಾರೆ. ಹಾಲು ಹಾಕ್ಲೇಬೇಕು ಅಂದ್ರೆ ಇದಕ್ಕೆ ಹಾಕಿ, ಇದಕ್ಕೇನೂ ಆಗಲ್ಲ.” ಅವಳು ಬೆಳ್ಳುಳ್ಳಿ ಜಜ್ಜಲು ಇಟ್ಟುಕೊಂಡಿದ್ದ ಹೊಂಬಣ್ಣದ ಮಚ್ಚನ್ನು ಸೆರಗಿನಲ್ಲಿ ಒರೆಸಿ ಅವನ ಮುಂದಿಟ್ಟಳು.

ಅಂದಿನಿಂದ ಹಾಗೇ ನಡೆದಿದೆ. ಮಚ್ಚಿಗೆ ಅಭಿಷೇಕ, ಈಳಿಗೆಗೆ ಕೆಲಸ. ಎರಡಕ್ಕೂ ತುಕ್ಕು ಹಿಡಿದಿಲ್ಲ. ಕೋಟಿಂಗಿನ ಮಹಿಮೆ ಪಕ್ಕದಲ್ಲಿದ್ದ ಈಳಿಗೆಗೂ ತಗುಲಿದೆ ಎಂದು ನಂಜುಂಡಪ್ಪ ಬಂದವರಿಗೆಲ್ಲ ಹೇಳುತ್ತಾನೆ.

ಎದುರು ಮನೆಯಲ್ಲಿ ಬೆಳಗಾದರೆ ಏನೋ ದೊಪ್ಪೆಂದು ಬೀಳುವ ಸದ್ದು ಕೇಳುತ್ತದೆ. ಮುಂದಿನ ಆಯುಧಪೂಜೆಗೆಂದು ರಾಚಪ್ಪ ಹೊಸ ಈಳಿಗೆಮಣೆ ಕೊಂಡಿದ್ದಾನೆ. ಅವನ ಹೆಂಡತಿ ನೀಲಗಂಗಮ್ಮ ದಿನವೂ ಬೂದುಗುಂಬಳದ ಹೋಳುಗಳನ್ನು ಪಾತ್ರೆಯಲ್ಲಿ ತುಂಬಿಕೊಂಡು ಬೀದಿಯ ಮನೆಮನೆಗೂ ಹಂಚುತ್ತಾಳೆ. ಅಳತೆಯಲ್ಲಿ ಹೋಳುಗಳು ಇನ್ನೂ ಸಮವಾಗಿಲ್ಲ. ಮುರುಗೇಶನ ಮನೆಯಲ್ಲಿ ಮಜ್ಜಿಗೆ ಹುಳಿ ಎಂದರೆ ಮಕ್ಕಳು ಊಟ ಬಿಟ್ಟು ಏಳುತ್ತಿದ್ದಾರೆ.