ಕ್ಲಾರಾಳ ಮೇಲೊಂದು ಹೊಟ್ಟೆಕಿಚ್ಚು

ಜಗಳೂರಿನ ಆ ಓಣಿಯೇ ಆಶಾಳಿಗಾಗಿ ಮರುಗುತ್ತಿದ್ದರೆ, ಪಕ್ಕದ ಮನೆಯ ಗಂಗೋತ್ರಿಗೆ ಮಾತ್ರ ಅವಳ ಮೇಲೆ ಹೊಟ್ಟೆಕಿಚ್ಚು. ಕೇಳಿದವರು ನಕ್ಕಾರು. ಗಂಗೋತ್ರಿಗೆ ಮುತ್ತಿನಂಥ ಇಬ್ಬರು ಮಕ್ಕಳು, ದುಡಿದು ಹಾಕುವ ಗಂಡ. ಆಶಾಳಿಗೋ ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಮೊದಲ ಬಸಿರು. ಅದೂ ಏಳು ತಿಂಗಳು ತುಂಬುವ ಮೊದಲೇ ಒಳಗೇ ಉಸಿರು ನಿಂತು ಹೋಗಿತ್ತು. ಗಂಗೋತ್ರಿಯ ಅತ್ತೆ ಅಜ್ಜಮ್ಮ ಸೊಸೆಯನ್ನು ಎಚ್ಚರಿಸಿದ್ದೂ ಅದಕ್ಕೇ.

"ಮಕ್ಕಳ್ನ ಅವಳ ಕಣ್ಣಿಗೆ ಬೀಳಾಕೆ ಬಿಡಬ್ಯಾಡವ್ವ. ಹೊಟ್ಟೆ ಉರೀತಿರತೈತೆ ಪಾಪ."

ಉರಿಯುತ್ತಿದ್ದದ್ದು ಯಾರ ಹೊಟ್ಟೆ ಎಂದು ಮುದುಕಿಗೇನು ಗೊತ್ತು.

ಹಿಂದಿನ ದಿನ ಗಂಗೋತ್ರಿಯೂ ಆ ಕೂಸಿನ ಮಣ್ಣಿಗೆ ಹೋಗಿದ್ದಳು. ಆಶಾಳ ಗಂಡ ಚೌರಪ್ಪ ಬಿಳಿ ಬಟ್ಟೆ ಹೊದಿಸಿದ ಪುಟ್ಟ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಯಾರ ಕೈಗೂ ಕೊಡದೆ ಸ್ಮಶಾನದವರೆಗೂ ನಡೆದ. ಮುಂದೆ ಶಿಲುಬೆ, ಹಿಂದೆ ಹಾಡುವ ಹೆಂಗಸರು. ಒಂದು ದಿನವೂ ಬದುಕದ ಕೂಸಿಗೆ ಇಷ್ಟೆಲ್ಲ. ಗುಂಡಿಯ ಬಳಿ ಫಾದರ್ ಸಣ್ಣ ದನಿಯಲ್ಲಿ ಹೇಳಿದರು: "ಈಕೆ ಕ್ಲಾರಾ. ಬಸಿರಲ್ಲಿ ಮೂಡಿದ ಗಳಿಗೆಯಿಂದಲೇ ದೇವರು ಈಕೆಯನ್ನು ಬಲ್ಲ. ನಮ್ಮಷ್ಟು ದಿನ ಬದುಕಲಿಲ್ಲ, ಆದರೆ ನಮಗಿಂತ ಕಡಿಮೆಯವಳಲ್ಲ."

ಆ ಮಾತು ಗಂಗೋತ್ರಿಯನ್ನು ಒಳಗೇ ಕೊರೆಯಿತು. ಅವಳ ಇಬ್ಬರು ಮಕ್ಕಳ ನಡುವೆ ಇನ್ನೊಂದಿತ್ತು. ಅದೂ ಇಷ್ಟೇ ತಿಂಗಳಿಗೆ, ಹೀಗೇ. ಆಸ್ಪತ್ರೆಯಲ್ಲಿ ಅಜ್ಜಮ್ಮ ಅವಳ ಮುಖವನ್ನು ಗೋಡೆಯ ಕಡೆ ತಿರುಗಿಸಿ, "ನೋಡಬ್ಯಾಡ, ಋಣ ಇರಲಿಲ್ಲ" ಎಂದಿದ್ದಳು. ಗಂಡ ಕಲ್ಲೇಶ್ ಬಟ್ಟೆಯ ಗಂಟನ್ನು ಎತ್ತಿಕೊಂಡು ಹೊರಗೆ ಹೋದ. ಆಮೇಲೆ ಮನೆಯಲ್ಲಿ ಅದಕ್ಕೆ 'ಅದು' ಎಂಬುದಕ್ಕಿಂತ ದೊಡ್ಡ ಹೆಸರು ಬರಲಿಲ್ಲ. ಸೊಕ್ಕೆ ಊರಿನ ತಮ್ಮ ಹೊಲದಲ್ಲೇ ಮಣ್ಣು ಮಾಡಿರಬೇಕೆಂದು ಗಂಗೋತ್ರಿ ತಾನೇ ಲೆಕ್ಕ ಹಾಕಿಕೊಂಡಿದ್ದಳು. ಅಲ್ಲಿಗೆ ಹೋದಾಗಲೆಲ್ಲ ಬದುವಿನ ಬೇವಿನ ಮರದ ಬುಡಕ್ಕೆ ಯಾರಿಗೂ ಕಾಣದಂತೆ ಕೈ ಮುಗಿದು ಬರುತ್ತಿದ್ದಳು.

ಈಗ ಆಶಾ ಬಾಗಿಲಿಗೆ ಬಂದು ನಿಂತಿದ್ದಳು. ಕಣ್ಣು ಬಾತಿದ್ದವು.

"ಅಕ್ಕಾ, ನಿಮ್ಮ ಬಳ್ಳಿಯಾಗೆ ಮಲ್ಲಿಗೆ ಇದ್ರೆ ಒಂದಿಷ್ಟು ಕೊಡ್ತೀರಾ? ಕ್ಲಾರಾನ ಹತ್ರ ಹೋಗಿ ಬರ್ತೀನಿ."

ಕ್ಲಾರಾನ ಹತ್ರವಂತೆ, ಮಗಳು ಶಾಲೆಯಲ್ಲಿ ಕೂತಿರುವ ಹಾಗೆ. ಗಂಗೋತ್ರಿಯ ಮೈ ಉರಿದುಹೋಯಿತು.

"ಇಲ್ಲ ಕಣವ್ವ. ಈ ಸಲ ಬಳ್ಳಿ ಹೂವೇ ಬಿಟ್ಟಿಲ್ಲ" ಎಂದಳು.

ಹಿತ್ತಿಲಲ್ಲಿ ಬಳ್ಳಿ ತುಂಬ ಮೊಗ್ಗಿತ್ತು. ಆಶಾ ಅತ್ತ ಹೋದದ್ದೇ ತಡ, ಅಷ್ಟನ್ನೂ ಬಿಡಿಸಿ ಮಡಿಲಿಗೆ ಹಾಕಿಕೊಂಡಳು. ಸೊಕ್ಕೆಗೆ ಹೋಗಬೇಕು, ಬೇವಿನ ಬುಡಕ್ಕೆ ಸುರಿಯಬೇಕು, ತನ್ನ ಮಗುವೂ ಯಾರಿಗೂ ಕಡಿಮೆಯಲ್ಲ. ಊಟಕ್ಕೆ ಬಂದ ಕಲ್ಲೇಶ್‌ಗೆ ತಟ್ಟೆ ಇಡುವ ಮೊದಲೇ ಕೇಳಿದಳು.

"ರೀ, ಸೊಕ್ಕೆಗೆ ಕರ್ಕೊಂಡು ಹೋಗ್ರಿ. ಅದನ್ನ ಇಟ್ಟ ಜಾಗ ನೋಡಬೇಕು. ಬೇವಿನ ಮರದ ಕೆಳಗೇ ಅಲ್ವಾ?"

ಕಲ್ಲೇಶ್ ಕೈ ತೊಳೆಯುವುದನ್ನು ನಿಲ್ಲಿಸಿದ.

"ಯಾವ ಮರ? ಆಸ್ಪತ್ರೆಯೋರು ನಾವೇ ನೋಡ್ಕಂತೀವಿ, ಕೊಡ್ರಿ ಅಂದ್ರು. ಕೊಟ್ಟು ಬಂದೆ."

"ಕೊಟ್ಟು?"

"ಎಲ್ಲಿ ಹಾಕಿದ್ರೋ ನಾನು ಕೇಳಲಿಲ್ಲ."

ಇಷ್ಟು ವರ್ಷ ಗಂಗೋತ್ರಿ ಬರಿ ಮರಕ್ಕೆ ಕೈ ಮುಗಿದಿದ್ದಳು. ಆಶಾಳಿಗೆ ಹೆಸರಿದೆ, ಗುಂಡಿಯಿದೆ, ಮೇಲೊಂದು ಶಿಲುಬೆಯಿದೆ. ತನಗೆ ಒಂದು ಹಿಡಿ ಮಣ್ಣೂ ಇಲ್ಲ. ಗಂಡೋ ಹೆಣ್ಣೋ, ಅದನ್ನೂ ಯಾರೂ ಹೇಳಿರಲಿಲ್ಲ.

"ನೀವಾದ್ರೂ ನೋಡಿದ್ರೇನ್ರಿ?"

ಕಲ್ಲೇಶ್ ತನ್ನ ಕಿರುಬೆರಳಿನ ತುದಿಗೆ ಹೆಬ್ಬೆರಳಿಟ್ಟು ತೋರಿಸಿದ.

"ಕೊಡೋ ಮುಂಚೆ ಬಟ್ಟೆ ಸರಿಸಿದ್ದೆ. ಹೆಣ್ಣು. ಇಷ್ಟಿಷ್ಟೇ ಬೆರಳು. ಉಗುರೂ ಬಂದಿದ್ವು ಕಣೆ."

ಅವನು ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡ. ಪಾಪ ಎನ್ನಿಸಬೇಕಿತ್ತು ಗಂಗೋತ್ರಿಗೆ, ಎನ್ನಿಸಲಿಲ್ಲ. ಆಶಾಳ ಮೇಲಿದ್ದ ಕಿಚ್ಚೆಲ್ಲ ಒಂದೇ ಏಟಿಗೆ ಗಂಡನ ಮೇಲೆ ತಿರುಗಿತು. ಈ ಮನುಷ್ಯ ನೋಡಿದ್ದ. ಹೊತ್ತವಳು ಗೋಡೆ ನೋಡುತ್ತ ಮಲಗಿದ್ದಾಗ, ಇವನು ಮಗಳ ಮುಖ ನೋಡಿಕೊಂಡು, ಇಷ್ಟು ವರ್ಷ ಆ ನೆನಪನ್ನು ತಾನೊಬ್ಬನೇ ಇಟ್ಟುಕೊಂಡಿದ್ದ.

ಅವಳು ಅವನೆದುರಿಗೆ ಸರಿದು ಅವನ ಒದ್ದೆ ಕೈಗಳನ್ನು ಬಿಗಿಯಾಗಿ ಹಿಡಿದಳು.

"ಮುಖ ಹೆಂಗಿತ್ತು? ಹೇಳ್ರಿ. ಒಂದೂ ಬಿಡದಂಗೆ ಹೇಳ್ರಿ."