ಹಿಮ್ಮಡಿಯ ಕೆಳಗಿನ ಬೆಂಡು

ನೀರಿನಲ್ಲಿ ನೆನೆದ ತೊಗಲಿಗೆ ಒಂದು ವಾಸನೆ ಇರುತ್ತದೆ. ಮೂಗು ಮುಚ್ಚಿಕೊಳ್ಳುವವರೇ ಹೆಚ್ಚು. ನನಗೆ ಮಾತ್ರ ಅದು ಶಾಲೆ ಬಿಟ್ಟ ಮೇಲಿನ ಹೊತ್ತಿನ ವಾಸನೆ. ನೇರವಾಗಿ ಅಪ್ಪನ ಬೂಟಿನಂಗಡಿಗೆ ಬಂದು, ತೊಗಲು ನೆನೆಹಾಕಿದ ಬಕೆಟ್ಟಿನ ಪಕ್ಕದ ಮಣೆಯ ಮೇಲೆ ಕೂತು ಗಟ್ಟಿಯಾಗಿ ಪಾಠ ಓದುತ್ತಿದ್ದೆ. ಅಪ್ಪ ತುಟಿಗಳ ನಡುವೆ ಮೊಳೆ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೂ ನಾನು ಎಲ್ಲಾದರೂ ಒಂದು ಸಾಲು ಹಾರಿಸಿದರೆ ಸುತ್ತಿಗೆ ನಿಲ್ಲುತ್ತಿತ್ತು.

ಆ ಸುತ್ತಿಗೆಯೇ ನನ್ನನ್ನು ಕಾಲೇಜಿಗೆ ಕಳಿಸಿತು. ಓದು ಮುಗಿಸಿ ಬಂದವಳು ಅದೇ ಅಂಗಡಿಯಲ್ಲಿ ಅಪ್ಪನ ಎದುರು ಕೂತು ಹೊಲಿಯುತ್ತಿದ್ದವರನ್ನು ಮದುವೆಯಾದೆ. ಅವರು ಕೊನೆಯವರೆಗೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಕಾಲೇಜೂ, ಆ ದಾರದುಂಡೆ ಕೊಡು" ಎನ್ನುತ್ತಿದ್ದರು. ಮೊದಲು ಅದು ಅಣಕವಾಗಿತ್ತು, ಆಮೇಲೆ ಅದೇ ನನ್ನ ಹೆಸರಾಯಿತು.

ನಮ್ಮವರಿಗೆ ಒಂದು ಅಭ್ಯಾಸವಿತ್ತು. ಬೂಟು ರಿಪೇರಿಗೆ ತಂದವರು ಮಾತಿನ ಮಧ್ಯೆ ಮಂಡಿನೋವು, ಸೊಂಟನೋವು ಎಂದರೆ ಸಾಕು, ಒಳಹಾಸನ್ನು ಎಬ್ಬಿಸಿ ಹಿಮ್ಮಡಿಯ ಜಾಗಕ್ಕೆ ಒಂದು ತೆಳ್ಳನೆಯ ಬೆಂಡಿನ ಹಾಳೆಯನ್ನು ಕತ್ತರಿಸಿ ಅಂಟಿಸಿ, ಮತ್ತೆ ಒಳಹಾಸು ಮುಚ್ಚಿಬಿಡುತ್ತಿದ್ದರು. ಅದಕ್ಕೆ ಕಾಸು ಕೇಳುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ. "ಹೇಳೋದಲ್ವಾ ರೀ?" ಎಂದು ಒಮ್ಮೆ ಕೇಳಿದ್ದೆ.

"ಹೇಳಿದ್ರೆ ಹೆಜ್ಜೆ ಹೆಜ್ಜೆಗೂ ಅದನ್ನೇ ಯೋಚನೆ ಮಾಡ್ತಾರೆ. ಹೇಳದೇ ಇದ್ರೆ ನೋವು ಇತ್ತು ಅನ್ನೋದೇ ಮರೆತುಹೋಗತ್ತೆ" ಎಂದಿದ್ದರು.

ಎಷ್ಟೋ ಜನ ಮತ್ತೆ ಬಂದಾಗ, "ಏನ್ ಕೈಗುಣಾನೋ ನಿಮ್ದು, ಮಂಡಿನೋವೇ ಇಲ್ಲ" ಎನ್ನುತ್ತಿದ್ದರು. ಇವರು ಸೂಜಿಗೆ ದಾರ ಪೋಣಿಸುವವರಂತೆ ಮುಖ ತಗ್ಗಿಸಿಕೊಳ್ಳುತ್ತಿದ್ದರು.

ನಮಗೆ ಒಬ್ಬಳೇ ಮಗಳು. ದೊಡ್ಡಾಸ್ಪತ್ರೆಯಲ್ಲಿ ನರ್ಸು. ವಾರ್ಡಿನಲ್ಲಿ ದಿನವಿಡೀ ನಿಂತು ನಿಂತು ಕಾಲು ಕಂಬವಾಗುತ್ತದೆ ಎಂದು ಮೂವತ್ತು ದಾಟಿದ ಮೇಲೆ ಬೆಳಗ್ಗೆ ಓಡಲು ಶುರುಮಾಡಿದಳು. ದಪ್ಪ ಅಟ್ಟೆಯ ಬೂಟು ಕೊಂಡಳು, ಮಂಡಿ ಹಿಡಿಯಿತು. ಇನ್ನೂ ದಪ್ಪದ್ದು ಕೊಂಡಳು, ಇನ್ನೂ ಹಿಡಿಯಿತು. ಒಂದು ದಿನ ಅಂಗಡಿಗೆ ಬಂದು, ಕಾಗದದಲ್ಲಿ ತಾನೇ ಬರೆದ ಚಿತ್ರವೊಂದನ್ನು ತನ್ನಪ್ಪನ ಮುಂದೆ ಇಟ್ಟಳು.

"ಅಪ್ಪಾ, ಇಂಥದ್ದೊಂದು ಜೊತೆ ಮಾಡಿಕೊಡು. ಹಿಮ್ಮಡಿ ಎತ್ತರ ಇರಬಾರದು. ಅಟ್ಟೆ ತೆಳ್ಳಗಿರಬೇಕು. ಬೆರಳು ಅಗಲಿಸೋಕೆ ಜಾಗ ಬೇಕು. ಬರಿಗಾಲಲ್ಲಿ ಓಡಿದ ಹಾಗೇ ಇರಬೇಕು, ಆದ್ರೆ ಗಾಜು ಚುಚ್ಚಬಾರದು."

ಅವರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದು ಬೂಟಾ, ಬಾತುಕೋಳಿ ಕಾಲಾ?"

"ಬಾತುಕೋಳಿಗೆ ಮಂಡಿನೋವು ಬಂದಿದ್ದು ನೋಡಿದ್ಯಾ ನೀನು?"

"ನಲವತ್ತು ವರ್ಷದಿಂದ ಜನರ ಕಾಲಿಗೆ ನೆಲ ತಾಗದ ಹಾಗೆ ನೋಡ್ಕೊಂಡು ಬಂದೋನು ನಾನು. ನನ್ನ ಮಗಳೇ ಬಂದು ನೆಲ ತಾಗಿಸಿಕೊಡು ಅಂತಾಳಲ್ಲ, ಕೇಳಿದೆಯಾ ಕಾಲೇಜೂ?"

ಬೈದರೇ ಹೊರತು ಮಾಡದೆ ಇರಲಿಲ್ಲ. ಅವಳನ್ನು ಕಂದು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆದರು. ಅಂಗಡಿಯಲ್ಲಿದ್ದ ಮರದ ಅಚ್ಚುಗಳೆಲ್ಲ ಮುಂದೆ ಚೂಪು, ಒಂದೂ ಹೊಂದಲಿಲ್ಲ. ಅವಳ ಪಾದಕ್ಕೆಂದೇ ಹೊಸ ಅಚ್ಚು ಕೆತ್ತಿದರು. ಮೂರು ವಾರ ಹಿಡಿಯಿತು. ಸಿದ್ಧವಾದ ಜೊತೆಯನ್ನು ಮಡಿಸಿದರೆ ಅಂಗೈಯೊಳಗೆ ಕೂರುತ್ತಿತ್ತು. ಅಂದಿನಿಂದ ಮಗಳ ಹೆಸರು ಬಾತುಕೋಳಿ.

ಆ ಬೂಟಿನಲ್ಲಿ ಅವಳು ಮೊದಲ ವಾರ ಓಡಿದ್ದು ನಮ್ಮ ಬೀದಿಯ ತುದಿಯವರೆಗೆ ಮಾತ್ರ. ಮೀನಖಂಡ ಕಲ್ಲಾಗಿ, ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ತಿಂಗಳು ಕಳೆದಂತೆ ಸೇತುವೆಯವರೆಗೆ, ಆಮೇಲೆ ಸೇತುವೆ ದಾಟಿ, ಆಮೇಲೆ ನಾನು ಬಸ್ಸಿನಲ್ಲೂ ಹೋಗದಷ್ಟು ದೂರ. ಹಿಂತಿರುಗಿದಾಗ ಪಾದ ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಸೇತುವೆಯ ಮೇಲೆ ಹೊಸದಾಗಿ ಡಾಂಬರು ತೇಪೆ ಹಾಕಿದ್ದಾರೆ. ಬ್ಯಾಂಕಿನ ಮುಂದಿನ ಮೂರನೇ ಚಪ್ಪಡಿ ಕಲ್ಲು ಅಲ್ಲಾಡುತ್ತದೆ. "ಕಣ್ಣುಮುಚ್ಚಿ ಬಿಟ್ಟರೂ ಎಲ್ಲಿದೀನಿ ಅಂತ ಹೇಳ್ತೀನಿ ಅಮ್ಮಾ" ಎನ್ನುತ್ತಿದ್ದಳು. ಬಡಾಯಿಯಲ್ಲ. ನಾನು ಪರೀಕ್ಷಿಸಿದ್ದೆ.

ಎರಡು ವರ್ಷ ಹೀಗೆ ಓಡಿ, ನಗರದ ನಲವತ್ತೆರಡು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟಳು. ಅದಕ್ಕೆ ಹತ್ತು ದಿನವಿರುವಾಗ ಸವೆದ ಅಟ್ಟೆ ಬದಲಿಸಲು ಬೂಟನ್ನು ಅಪ್ಪನಿಗೆ ಕೊಟ್ಟಳು. ಅವರು ವಾಪಸು ಕೊಟ್ಟದ್ದು ಓಟಕ್ಕೆ ಎರಡು ದಿನ ಮುಂಚೆ.

ಅಂಗಡಿಯಲ್ಲೇ ಹಾಕಿಕೊಂಡು ಎರಡು ಹೆಜ್ಜೆ ನಡೆದಳು. "ಏನೋ ಬೇರೆ ಥರ ಇದೆಯಲ್ಲ ಅಪ್ಪಾ?"

"ಹೊಸ ಅಟ್ಟೆ ಕಣಮ್ಮ. ಪಳಗತ್ತೆ."

ಅವಳು ನಂಬಿದಳು. ನಾನೂ ನಂಬಿದೆ.

ಓಟದ ದಿನ ನಾವಿಬ್ಬರೂ ಗುರಿಯ ಹತ್ತಿರದ ಕಂಬಿಗೆ ಒರಗಿ ನಿಂತಿದ್ದೆವು. ಬರಬೇಕಾದ ಹೊತ್ತು ಮೀರಿತು. ಕೊನೆಗೆ ಅವಳು ಬಂದದ್ದು ಓಡಿಕೊಂಡಲ್ಲ. ಹಳದಿ ಬನಿಯನ್ನಿನ ಗಂಡಸೊಬ್ಬ, ತಾನೂ ಓಟಕ್ಕೆ ಬಂದಿದ್ದವನು, ಅವಳ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಬದಿಯ ದಾರಿಯಲ್ಲಿ ಕುಂಟಿಸಿಕೊಂಡು ಬರುತ್ತಿದ್ದ. ನಲವತ್ತೊಂದನೆಯ ಕಿಲೋಮೀಟರಿನಲ್ಲಿ, ಸೇತುವೆ ಇಳಿಯುವಲ್ಲಿ, ಪಾದ ಮಗುಚಿ ಬಿದ್ದಿದ್ದಳು. ಅವನು ತನ್ನ ಓಟ ಬಿಟ್ಟು ಅವಳೊಂದಿಗೆ ನಿಂತಿದ್ದ. ಹೆಸರು ಕೇಳುವಷ್ಟರಲ್ಲಿ, "ಐಸ್ ಇಡಿ, ಮೊದಲು ಐಸ್ ಇಡಿ" ಎನ್ನುತ್ತ ಜನರೊಳಗೆ ಸೇರಿಹೋದ.

ಪಾದದ ಹೊರಬದಿಯ ಮೂಳೆ ಸೀಳಿತ್ತು. ಪ್ಲಾಸ್ಟರು ಹಾಕಿದರು. ಕೂಡಿಕೊಂಡ ಮೇಲೆ ಧಾರಾಳವಾಗಿ ಓಡಬಹುದು ಎಂದರು ಡಾಕ್ಟರು. ಮಗಳು ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ್ದಳು.

"ನೆಲ ಎಲ್ಲಿದೆ ಅಂತ ನನ್ನ ಕಾಲಿಗೆ ಗೊತ್ತಾಗಲಿಲ್ಲ ಅಮ್ಮಾ. ಎರಡು ವರ್ಷ ಕಲಿಸಿದೀನಿ ಅದಕ್ಕೆ. ಬೇಕಾದ ಹೊತ್ತಲ್ಲಿ ಸುಳ್ಳು ಹೇಳ್ತು."

ಅಂದು ಸಂಜೆ ನಮ್ಮವರು ಅಂಗಡಿಯ ಶಟರನ್ನು ಅರ್ಧ ಎಳೆದು, ಮಣೆಯ ಮೇಲೆ ಕೂತರು. ದೀಪ ಹಾಕಲಿಲ್ಲ.

"ಕಾಲೇಜೂ, ಬೆಂಡು ಇಟ್ಟಿದ್ದೆ ಕಣೆ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಅಟ್ಟೆ ಹಾಕ್ಸೋಕೆ ಬಂದ ದಿನ ಇಲ್ಲೇ ಬೆಂಚಿನ ಮೇಲೆ ನಿದ್ದೆ ಹೋಗಿದ್ಲಲ್ಲ, ಅಂಗಾಲು ನೋಡಿದೆ. ಹಿಮ್ಮಡೀಲಿ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಹೇಗೆ ಸುಮ್ನಿರಲಿ? ಎರಡು ರಟ್ಟಿನಷ್ಟು ದಪ್ಪ, ಅಷ್ಟೇ. ಎಲ್ಲರಿಗೂ ಇಡ್ತೀನಲ್ಲ, ನನ್ನ ಮಗಳಿಗೆ..."

ಎರಡು ರಟ್ಟಿನಷ್ಟು. ಬೇರೆ ಯಾರ ಕಾಲಿಗಾದರೂ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ. ನೆಲವನ್ನು ಕೂದಲೆಳೆಯಷ್ಟು ಅಳೆಯಲು ಕಲಿತಿದ್ದ ಪಾದಕ್ಕೆ, ಸುಸ್ತಾದ ಹೊತ್ತಿನಲ್ಲಿ, ಇಳಿಜಾರಿನಲ್ಲಿ, ಅದು ಸಾಕಾಗಿತ್ತು.

"ನಾನೇ ಹೇಳ್ತೀನಿ. ನೀನು ಬಾಯಿ ಬಿಡಬೇಡ" ಎಂದರು. ನಾನು ಒಪ್ಪಿಕೊಂಡೆ. ಅದೇ ನನ್ನ ತಪ್ಪು.

ಮೂಳೆ ಕೂಡಿಕೊಂಡಿತು. ಅವಳು ಓಡಲಿಲ್ಲ. ಓಡದೆ ಇರಲಿ, ಎಷ್ಟೋ ಜನ ಓಡುವುದಿಲ್ಲ. ಆದರೆ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯತೊಡಗಿದಳು, ರಸ್ತೆ ದಾಟುವಾಗ ನೆಲವನ್ನೇ ನೋಡತೊಡಗಿದಳು. ಬೂಟನ್ನು ತಂದು, "ತೊಗಲು ಬೇರೇದಕ್ಕೆ ಆಗತ್ತೇನೋ ನೋಡು ಅಪ್ಪಾ" ಎಂದು ಕೊಟ್ಟುಹೋದಳು. ಅವರು ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮೇಲಿನ ಹಲಗೆಯಲ್ಲಿ, ಅಚ್ಚುಗಳ ಹಿಂದೆ ಇಟ್ಟರು.

ಅವಳು ಕೆಲಸಕ್ಕೆ ಸೇರಿದಾಗಿನಿಂದ ಮಧ್ಯಾಹ್ನದ ಊಟವನ್ನು ಸ್ಟೀಲಿನ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಕೊಟ್ಟು ಬರುವುದು ಇವರ ಪದ್ಧತಿ. ಅವಳು ಬಿದ್ದ ಮೇಲೆ ಪ್ರತಿದಿನ ಹೊರಡುವಾಗ, "ಇವತ್ತು ಹೇಳಿಬಿಡ್ತೀನಿ" ಎನ್ನುತ್ತಿದ್ದರು. ಹಿಂದಿನ ದಿನದ ಖಾಲಿ ಡಬ್ಬಿ ಹಿಡಿದು ವಾಪಸು ಬಂದಾಗ ನಾನು ಮುಖ ನೋಡುತ್ತಿದ್ದೆ. ತಲೆ ಆಡಿಸುತ್ತಿದ್ದರು. "ಅವಸರದಲ್ಲಿದ್ಲು." "ಪಕ್ಕದಲ್ಲಿ ಯಾರೋ ಇದ್ರು." "ಇವತ್ತು ನಕ್ಕಳು ಕಣೆ, ಹೇಗೆ ಹೇಳಲಿ?" ಹೀಗೆ ಮೂರು ವರ್ಷ.

ಒಂದು ದಿನ ಊಟ ಕೊಟ್ಟವರು ಗೇಟಿನ ಹತ್ತಿರವೇ ಕುಸಿದು ಕೂತರು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಮಗಳ ವಾರ್ಡಿನಲ್ಲೇ ಐದು ದಿನ ಇದ್ದರು. ಮಾತು ಹೋಗಿತ್ತು, ಎಡಗೈಯೊಂದು ಆಡುತ್ತಿತ್ತು. ಆ ಕೈಯಿಂದ ಮತ್ತೆ ಮತ್ತೆ ತಮ್ಮ ಪಾದದ ಕಡೆ ತೋರಿಸುತ್ತಿದ್ದರು. ಅವಳು ಹೊದಿಕೆ ಸರಿಸಿ ನೋಡಿದಳು.

"ಹಿಮ್ಮಡಿ ನೋಯ್ತಿದೆಯಾ ಅಪ್ಪಾ? ಮಲಗಿ ಮಲಗಿ ಹಾಗಾಗತ್ತೆ. ತಾಳು."

ಹತ್ತಿಯನ್ನು ಬಟ್ಟೆಯಲ್ಲಿ ಮಡಿಸಿ, ಎರಡೂ ಹಿಮ್ಮಡಿಯ ಕೆಳಗೆ ಮೆತ್ತಗೆ ಇಟ್ಟಳು. "ಈಗ ಹಾಯಾಯ್ತಾ?" ಎಂದಳು. ಅವರ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಅವಳು ನೋವೆಂದುಕೊಂಡು ಒರೆಸಿದಳು. ನಾನು ಅಲ್ಲೇ ನಿಂತಿದ್ದೆ. ಆಗಲಾದರೂ ಹೇಳಬೇಕಿತ್ತು.

ಮರುದಿನ ಹೋಗಿಬಿಟ್ಟರು.

ರಿಪೇರಿಗೆ ಬಂದ ಬೂಟುಗಳು ಅಂಗಡಿಯಲ್ಲಿ ಉಳಿದಿದ್ದವು. ಅವುಗಳನ್ನು ಅವರವರಿಗೆ ಮುಟ್ಟಿಸಲೆಂದು ತಿಂಗಳಾದ ಮೇಲೆ ಅಂಗಡಿ ತೆರೆದೆ. ಶಟರು ಎತ್ತುವುದು ನನ್ನ ಕೈಲಾಗದು. ಪಕ್ಕದ ಕನ್ನಡಕದಂಗಡಿಯಾತ ಮೊದಲ ದಿನ ಬಂದು ಎತ್ತಿಕೊಟ್ಟ. ಎರಡನೆಯ ದಿನ ನಾನು ಬರುವಷ್ಟರಲ್ಲೇ ಎತ್ತಿಟ್ಟು, ತನ್ನ ಅಂಗಡಿಯೊಳಗೆ ಏನೂ ಅರಿಯದವನಂತೆ ಗಾಜು ಒರೆಸುತ್ತ ಕೂತಿದ್ದ.

ಆ ಭಾನುವಾರ ಮಗಳು ಸಹಾಯಕ್ಕೆ ಬಂದಳು. ನಾನು ಸ್ಟೂಲು ಹತ್ತಿ ಪತ್ರಿಕೆಯ ಗಂಟನ್ನು ಇಳಿಸಿ ಅವಳ ಕೈಗಿಟ್ಟೆ. ನಿಂತುಕೊಂಡೇ ಎಲ್ಲ ಹೇಳಿದೆ. ಕೂತರೆ ಹೇಳಲಾರೆ ಎಂಬ ಭಯವಿತ್ತು.

ಅವಳು ಅಪ್ಪನ ಚಾಕು ತೆಗೆದುಕೊಂಡು ಒಳಹಾಸನ್ನು ಎಬ್ಬಿಸಿದಳು. ಬೆಂಡು ಅಲ್ಲೇ ಇತ್ತು. ಅಂಚುಗಳನ್ನು ಕಾಗದದಷ್ಟು ತೆಳ್ಳಗೆ ಹೆರೆದಿದ್ದರು, ಎಲ್ಲೂ ಒತ್ತದಿರಲೆಂದು. ಅಷ್ಟು ನಾಜೂಕಾದ ಕೆಲಸವನ್ನು ನಾನು ಅವರ ಕೈಯಲ್ಲಿ ಬೇರೆ ಕಂಡಿಲ್ಲ.

"ನಿನಗೆ ಯಾವಾಗಿಂದ ಗೊತ್ತು?"

"ನೀನು ಬಿದ್ದ ದಿನದಿಂದಾನೇ."

"ಮೂರು ವರ್ಷ ಅಮ್ಮಾ." ಅವಳ ದನಿ ಏರಲಿಲ್ಲ. ಏರಿದ್ದರೆ ಸಹಿಸುವುದು ಸುಲಭವಿತ್ತು. "ನನ್ನ ಕಾಲು ನಂಬೋಕಾಗಲ್ಲ ಅಂತ ಮೂರು ವರ್ಷ ಕಂಬಿ ಹಿಡ್ಕೊಂಡು ಓಡಾಡಿದೀನಿ. ಇಬ್ಬರೂ ನೋಡ್ತಾ ಇದ್ರಲ್ಲ."

ಇನ್ನೊಂದು ಬೂಟಿನ ಒಳಹಾಸನ್ನೂ ಎಬ್ಬಿಸಿದಳು.

"ಆ ಊಟ... ಅದಕ್ಕೇನಾ ದಿನಾ ತರ್ತಿದ್ದಿದ್ದು?"

"ಇಲ್ಲ ಕಣೆ. ಮೊದಲಿಂದಾನೂ ತರ್ತಿದ್ರಲ್ಲ."

ಅದನ್ನು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಎರಡೂ ಬೆಂಡುಗಳನ್ನು ಕಿತ್ತು ಗಲ್ಲಾದ ಮೇಲೆ ಇಟ್ಟಳು. ಬೂಟನ್ನು ಚೀಲದಲ್ಲಿ ಹಾಕಿಕೊಂಡು, ಅಂಗಡಿಯ ಮೆಟ್ಟಿಲಿನಲ್ಲಿ ಗೋಡೆ ಹಿಡಿದು ಇಳಿದು, ಹೋದಳು.

ಹತ್ತೊಂಬತ್ತು ದಿನ ಅವಳು ಬರಲಿಲ್ಲ, ಫೋನೂ ಇಲ್ಲ. ಬೂಟುಗಳು ಒಂದೊಂದಾಗಿ ಹೊರಟುಹೋದವು. ಮುದುಕರೊಬ್ಬರು ತಮ್ಮ ಬೂಟು ಹಾಕಿಕೊಂಡು ನಡೆದು ನೋಡಿ, "ಇವರ ಹಾಗೆ ಮಾಡೋರು ಇನ್ನಿಲ್ಲ ತಾಯೀ, ಕಾಲಿಗೆ ಹತ್ತಿ ಕಟ್ಟಿದ ಹಾಗಿದೆ" ಎಂದರು. ಆ ಬೂಟಿನೊಳಗೆ ಏನಿದೆ ಎಂದು ನನಗೆ ಗೊತ್ತಿತ್ತು. ಕ್ಷಣಕಾಲ ಯೋಚಿಸಿ, ಹೇಳಿದೆ. ಅವರು ಬೂಟು ಬಿಚ್ಚಿ, ಒಳಗೆ ಕೈ ಹಾಕಿ ತಡವಿ, ಮತ್ತೆ ಹಾಕಿಕೊಂಡು ಹೋದರು.

ಇಪ್ಪತ್ತನೆಯ ದಿನ ಮಧ್ಯಾಹ್ನ ಬಾಗಿಲಲ್ಲಿ ನೆರಳು ಬಿತ್ತು. ಈ ಅಂಗಡಿಯಲ್ಲಿ ಬೆಳೆದ ನಾನು ಯಾರು ಬಂದರೂ ಮೊದಲು ಕಾಲು ನೋಡುತ್ತೇನೆ. ಬಾತುಕೋಳಿ ಬೂಟು. ಮಡಿಕೆಗಳು ಬಿರಿದಿದ್ದವು, ಅಂಚಿಗೆ ಧೂಳು ಹತ್ತಿತ್ತು. ತಲೆ ಎತ್ತಿದೆ. ವಾರ್ಡಿನ ಉಡುಪಿನಲ್ಲೇ ಇದ್ದಳು. ಕಣ್ಣಿನ ಸುತ್ತ ಕಪ್ಪು. ಬೆವರಿರಲಿಲ್ಲ.

"ಓಡಿ ಬಂದೆಯಾ?" ಕೇಳಬಾರದಿತ್ತು, ಬಾಯಿ ತಪ್ಪಿ ಬಂತು.

"ಇಲ್ಲ. ನಡ್ಕೊಂಡು. ಮೆಲ್ಲಗೆ."

ಒಳಗೆ ಬಂದು, ಅವಳ ಅಪ್ಪ ಕೂರುತ್ತಿದ್ದ ಮಣೆಯನ್ನು ಒಮ್ಮೆ ನೋಡಿದಳು. ಅದರ ಮೇಲೆ ಕೂರಲಿಲ್ಲ.

"ಬ್ಯಾಂಕಿನ ಮುಂದಿನ ಕಲ್ಲು ಇನ್ನೂ ಅಲ್ಲಾಡ್ತಿದೆ" ಎಂದಳು.

ಆಮೇಲೆ ಚೀಲದಿಂದ ಸ್ಟೀಲಿನ ಡಬ್ಬಿಯನ್ನು ತೆಗೆದಳು. ಕೊನೆಯ ದಿನ ಗೇಟಿನಲ್ಲಿ ಅವರು ಕೊಟ್ಟದ್ದೇ ಅದು. ಅಂದಿನಿಂದ ಅವಳ ಹತ್ತಿರವೇ ಉಳಿದಿತ್ತು. ಊಟ ತುಂಬಿ ತಂದಿದ್ದಳು, ಮುಚ್ಚಳ ಬಿಸಿಯಾಗಿತ್ತು. ನಾನು ಸೆರಗಿನ ತುದಿಯಲ್ಲಿ ಹಿಡಿದುಕೊಳ್ಳಲಿ ಎಂದು ಕ್ಷಣ ತಡೆದು, ನನ್ನ ಎರಡೂ ಕೈಗಳಲ್ಲಿ ಇಟ್ಟಳು.