ಎಪ್ಪತ್ತರ ನೆರಳು

ಸಮಯ ನೋಡುವುದಕ್ಕೆಂದು ಅವರು ಕೈಗೆ ಗಡಿಯಾರ ಕಟ್ಟಿದವರೇ ಅಲ್ಲ. ಕಾರಿನ ಬಾಗಿಲು ತೆರೆದು, ಗಾಜಿನ ಆಚೆಗೆ ಎಡಗೈ ಹಿಡಿದು, ಈಚೆಯಿಂದ ಒಂದು ಕಣ್ಣು ಮುಚ್ಚಿ ತಮ್ಮದೇ ಮಣಿಕಟ್ಟಿನ ಗಡಿಯಾರವನ್ನು ದಿಟ್ಟಿಸುತ್ತಿದ್ದರು. ಸೆಕೆಂಡಿನ ಮುಳ್ಳು ಕಂಡರೆ ಆ ಗಾಜಿನ ಕಪ್ಪು ನೂರಕ್ಕೆ ಮೂವತ್ತು, ನಿಮಿಷದ ಮುಳ್ಳು ಕಂಡರೆ ಐವತ್ತು, ಗಂಟೆಯ ಮುಳ್ಳಿನ ದಪ್ಪ ಮಾತ್ರ ಮಸುಕಾಗಿ ಕಂಡರೆ ಎಪ್ಪತ್ತು. ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಅವರಿಗೆ ಗಡಿಯಾರದಣ್ಣ ಎಂಬ ಹೆಸರು ಹೀಗೆ ಬಂತು. ಎಷ್ಟು ಗಂಟೆಯಾಯಿತು ಎಂದು ಕೇಳಿದರೆ ಮಾತ್ರ ಪಕ್ಕದ ನನ್ನ ಅಂಗಡಿಯ ಗೋಡೆಯತ್ತ ಕತ್ತು ಉದ್ದ ಮಾಡುತ್ತಿದ್ದರು!

ಅವರ ನಡಿಗೆಯೂ ವಿಚಿತ್ರ. ಲೋಕವೆಲ್ಲ ನೆರಳು ಹುಡುಕಿಕೊಂಡು ಹೋದರೆ ಈ ಮಹಾಶಯರು ಮೊಣಕಾಲು ಮುಟ್ಟುವ ದಪ್ಪ ಕರಿಕೋಟು ತೊಟ್ಟು ರಸ್ತೆಯ ಬಿಸಿಲು ಬೀಳುವ ಮಗ್ಗುಲಿಗೇ, ತುಸು ಓರೆಯಾಗಿ ನಡೆಯುತ್ತಿದ್ದರು. ಅವರ ತಂಗಿಗೆ ಹುಟ್ಟಿನಿಂದಲೇ ಬಿಸಿಲು ಆಗದು, ತಾಕಿದಲ್ಲೆಲ್ಲ ಗುಳ್ಳೆ ಏಳುತ್ತದೆ ಎಂದು ತಿಳಿದ ಮೇಲೆ ನನಗೆ ಆ ನಡಿಗೆಯ ಮರ್ಮ ಹೊಳೆಯಿತು. ಚಿಕ್ಕಂದಿನಲ್ಲಿ ಅವಳನ್ನು ಶಾಲೆಗೆ ಕರೆದೊಯ್ಯುವಾಗ ತಮ್ಮ ಮೈಯ ನೆರಳು ಅವಳ ಮೇಲೆ ಬೀಳುವಂತೆ ನಡೆದು ನಡೆದು, ಒಬ್ಬರೇ ಹೋಗುವಾಗಲೂ ಕಾಲು ಅದನ್ನು ಮರೆತಿರಲಿಲ್ಲ.

ಕೋಟಿನ ಜೇಬಿನಲ್ಲಿ ಸರ್ಕಾರದ ಆದೇಶಗಳ ಪ್ರತಿಗಳಿರುತ್ತಿದ್ದವು. ಮೊದಲನೆಯದು ಗಾಜಿಗೆ ಐವತ್ತು ಇರಬಹುದೆಂದಿತು. ಮೂರು ವರ್ಷದ ಮೇಲೆ ಬಂದದ್ದು ಫಿಲ್ಮೇ ಕೂಡದೆಂದಿತು. ಗಡಿಯಾರದಣ್ಣ ತಾವೇ ಅಂಟಿಸಿದ್ದನ್ನೆಲ್ಲ ಊರಿನ ಕಾರುಗಳಿಂದ ಸುಲಿದು ಹಾಕಿದರು. ಸುಲಿಯುವುದೆಂದರೆ ಅವರ ಕೈಯಲ್ಲಿ ಒಂದು ವ್ರತ. ಬಿಸಿಗಾಳಿ ಹಾಯಿಸಿ, ಮೂಲೆಯನ್ನು ಬ್ಲೇಡಿನ ತುದಿಯಿಂದ ಎಬ್ಬಿಸಿ, ಉಸಿರು ಬಿಗಿಹಿಡಿದು, ಇಡೀ ಹಾಳೆಯನ್ನು ಒಂದೇ ತುಂಡಾಗಿ ಎತ್ತಬೇಕು. "ಹರಿದ್ರೆ ನಾನು ಕೆಲಸ ಕಲಿತಿಲ್ಲ ಅಂತ ಅರ್ಥ" ಎನ್ನುತ್ತಿದ್ದರು.

ಮೂರನೆಯ ಆದೇಶ ಬಂದ ದಿನ ಅವರ ಮುಖ ನೋಡಬೇಕಿತ್ತು. ರೋಗಿಗಳಿರುವ ವಾಹನಕ್ಕೆ ಅರ್ಜಿ ಕೊಟ್ಟು, ಅನುಮತಿಪತ್ರದಲ್ಲಿ ನಮೂದಿಸಿದಷ್ಟು ಫಿಲ್ಮ್ ಹಾಕಿಕೊಳ್ಳಬಹುದಂತೆ. ತಂಗಿಯನ್ನು ವಾರಕ್ಕೊಮ್ಮೆ ಆಸ್ಪತ್ರೆಗೆ ಒಯ್ಯುವ ಕಾರಿಗೆ ಅರ್ಜಿ ಬರೆದವನು ನಾನು. "ಎಷ್ಟು ಅಂತ ಬರೀಲಿ ಅಣ್ಣ?" ಎಂದೆ. "ಎಪ್ಪತ್ತು" ಎಂದರು. ಎಪ್ಪತ್ತೆಂದು ಬರೆದೆ, ಎಪ್ಪತ್ತಕ್ಕೇ ಅನುಮತಿ ಬಂತು. ಏನು ಎಪ್ಪತ್ತು ಎಂದು ಕೇಳುವ ಬುದ್ಧಿ ನನಗೆ ಹೊಳೆಯಲಿಲ್ಲ.

ಹೊಸ ಫಿಲ್ಮ್ ಹಾಕಿ ಆಸ್ಪತ್ರೆಗೆ ಹೊರಟ ಮಧ್ಯಾಹ್ನ ಸೇತುವೆಯ ಮೇಲೆ ನಮ್ಮ ಕಾರನ್ನು ತಡೆದರು. ಕಾರು ಓಡಿಸುತ್ತಿದ್ದವರು ಗಡಿಯಾರದಣ್ಣ, ಪಕ್ಕದ ಸೀಟಿನಲ್ಲಿ ನಾನು, ಹಿಂದೆ ತಂಗಿ. ತಪಾಸಣೆಯ ಅಧಿಕಾರಿ ಸಣ್ಣ ಯಂತ್ರವೊಂದನ್ನು ಗಾಜಿಗೆ ಒತ್ತಿ ಹಿಡಿದು, "ಮೂವತ್ತು ತೋರಿಸ್ತಿದೆ" ಎಂದ.

"ಎಪ್ಪತ್ತು ಸ್ವಾಮಿ. ನಾನೇ ಹಾಕಿದ್ದು" ಎಂದರು ಗಡಿಯಾರದಣ್ಣ, ಪತ್ರ ಬಿಡಿಸಿ.

"ಪತ್ರದಲ್ಲಿರೋದು ಒಳಗೆ ಬರೋ ಬೆಳಕು ಕಣ್ರೀ. ನಿಮ್ಮ ಗಾಜಿನಲ್ಲಿ ಮೂವತ್ತೇ ಬರ್ತಿದೆ."

ತಪ್ಪು ಎಲ್ಲಾಯಿತೆಂದು ನನಗೆ ಆಗ ಅರ್ಥವಾಯಿತು. ಫಿಲ್ಮ್ ಅಂಗಡಿಯವರು ಎಣಿಸುವುದು ತಡೆದ ಬೆಳಕನ್ನು, ಸರ್ಕಾರ ಎಣಿಸುವುದು ಹಾಯ್ದ ಬೆಳಕನ್ನು. ಐವತ್ತು ಎರಡೂ ಕಡೆಯಿಂದ ಐವತ್ತೇ ಆದ್ದರಿಂದ ಇಷ್ಟು ವರ್ಷ ಯಾರಿಗೂ ಈ ತೊಡಕು ಗೊತ್ತಾಗಿರಲಿಲ್ಲ.

"ಇಲ್ಲೇ ತೆಗೀಬೇಕು, ಇಲ್ಲಾಂದ್ರೆ ಗಾಡಿ ಬಿಟ್ಟು ಹೋಗಿ. ನನ್ನ ತಲೆ ಮೇಲೂ ಕ್ಯಾಮೆರಾ ಇದೆ" ಎಂದ ಆತ. ದನಿಯಲ್ಲಿ ದರ್ಪವಿರಲಿಲ್ಲ, ಅದೇ ನಮ್ಮನ್ನು ಇನ್ನಷ್ಟು ಹೆದರಿಸಿತು. ಸೇತುವೆಯ ಮೇಲೆ ಒಂದು ಕಂಬದಷ್ಟೂ ನೆರಳಿಲ್ಲ. ಕಾರು ಬಿಟ್ಟು ನಡೆಯುವ ಮಾತೇ ಇಲ್ಲ. ಆಸ್ಪತ್ರೆ ಇನ್ನೂ ಹತ್ತು ನಿಮಿಷದ ದಾರಿ.

ಗಡಿಯಾರದಣ್ಣ ಕೋಟು ಕಳಚಿದರು. ಅವರನ್ನು ಕೋಟಿಲ್ಲದೆ ನಾನು ಕಂಡದ್ದು ಅಂದೇ. ಎಷ್ಟು ಬಡಕಲು ಮನುಷ್ಯ! ತಂಗಿಯ ತಲೆಯಿಂದ ಮೊಣಕಾಲಿನವರೆಗೆ ಅದನ್ನು ಹೊದಿಸಿ, ಕಾಲಿಗೆ ನನ್ನ ಶಾಲು ಸುತ್ತಿ, ಬ್ಲೇಡು ತೆಗೆದರು. ಮೂಲೆ ಎಬ್ಬಿಸಲು ಹೋಗಿ ಬ್ಲೇಡು ಎರಡು ಸಲ ಗಾಜಿನ ಮೇಲೆ ಕಿರ್ರೆಂದು ಜಾರಿತು. ಕೋಟಿನೊಳಗಿಂದ ಅವಳೇ ಧೈರ್ಯ ಹೇಳಿದಳು: "ಅಣ್ಣಾ, ಗಾಬರಿ ಬೀಳ್ಬೇಡ. ಮೆಲ್ಲಗೆ ಎಳಿ, ಹರಿದೀತು."

ಅವರು ಮೆಲ್ಲಗೆ ಎಳೆಯಲಿಲ್ಲ. ಪರಪರನೆ ಹರಿದರು. ತುಂಡು ತುಂಡಾಗಿ, ಉಗುರು ಹಾಕಿ, ಯಾರದೋ ಮೇಲಿನ ಸಿಟ್ಟು ತೀರಿಸಿಕೊಳ್ಳುವವರಂತೆ ಹರಿದರು. ಅಧಿಕಾರಿ ಬಂದು ಬಿಸಿಲಿಗೆ ಬೆನ್ನುಕೊಟ್ಟು ಕಿಟಕಿಗೆ ಅಡ್ಡ ನಿಂತ. ಆಸ್ಪತ್ರೆ ತಲುಪಿ ಕೋಟು ತೆಗೆದಾಗ, ಅದನ್ನು ಒಳಗಿನಿಂದ ಹಿಡಿದುಕೊಂಡಿದ್ದ ಅವಳ ಬೆರಳುಗಳ ಮೇಲೆ ಮೂರು ಗುಳ್ಳೆ ಎದ್ದಿದ್ದವು.

"ಅಂತೂ ನಿನ್ನ ಕೈಯಲ್ಲೂ ಹರೀತಲ್ಲ ಅಣ್ಣ" ಎಂದು ಅವಳು ನಕ್ಕಳು. ಅವರು ಗೋಡೆಯತ್ತ ತಿರುಗಿ ಅತ್ತುಬಿಟ್ಟರು.

ಅಂದಿನಿಂದ ಯಾರಾದರೂ ಅನುಮತಿಪತ್ರ ಹಿಡಿದು ಎಪ್ಪತ್ತು ಎಂದರೆ ಸಾಕು, "ಬರೋದಾ, ತಡೆಯೋದಾ?" ಎಂದು ಕೇಳಿ, ಉತ್ತರ ಬರುವ ತನಕ ಬ್ಲೇಡು ಮುಟ್ಟುವುದಿಲ್ಲ. ಹೊಸ ಪತ್ರದಲ್ಲಿ ಮೂವತ್ತೆಂದು ಬರೆಸಿಕೊಂಡು ತಂಗಿಯ ಕಾರಿಗೆ ಮತ್ತೆ ಫಿಲ್ಮ್ ಹಾಕಿದ್ದಾರೆ. ಇನ್ನೊಬ್ಬರಿಗೆ ನೆರಳಾಗಿ ಬದುಕುವ ಜನರ ಮನಸ್ಸೇ ಹೀಗೋ ಏನೋ. ಆಯುಷ್ಯವೆಲ್ಲ ತಾವು ತಡೆದ ಬಿಸಿಲು ಎಷ್ಟೆಂದು ಅವರು ಯಾರಿಗೂ ಹೇಳುವುದಿಲ್ಲ. ತಪ್ಪಿ ಒಳಗೆ ಬಿದ್ದ ಮೂರು ಗುಳ್ಳೆಯಷ್ಟು ಬಿಸಿಲನ್ನು ಮಾತ್ರ ಸಾಯುವ ತನಕ ಮರೆಯುವುದಿಲ್ಲ.